ಸೈನ್ಯ ಹೊರಟ ಮೇಲೆ ಹೈಟಿಯಲ್ಲಿ ಏನಾಯಿತು? 1934ರಿಂದ 1957ರ ಕಥೆ ಯಾರಾದರೂ ಬಿಡಿಸಿ ಹೇಳಿ

ಸಂಜೆ ಓದುಗ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೆಯಲ್ಲಿ ಕೆರಿಬಿಯನ್ ದೇಶಗಳ ಬಗ್ಗೆ ಚಾರ್ಟ್ ಮಾಡಲು ಹೇಳಿದ್ದಾರೆ. ಅವಳ ಪಾಲಿಗೆ ಹೈಟಿ ಬಂತು. ಅವಳು ಬಾವುಟ, ನಕ್ಷೆ ಅಂಟಿಸಿ ಎರಡು ದಿನದಲ್ಲಿ ಮುಗಿಸಿದಳು. ನಾನು ಮಾತ್ರ ಇನ್ನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ನನಗೆ ಅರ್ಥವಾದದ್ದು ಇಷ್ಟು. 1915ರ ಜುಲೈನಲ್ಲಿ ಅಮೆರಿಕದ ಮರೀನ್ ಸೈನಿಕರು ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಇಳಿದರು. 19 ವರ್ಷ ಬೀಡುಬಿಟ್ಟರು. 1934ರ ಆಗಸ್ಟ್‌ನಲ್ಲಿ ಹೊರಟರು. ರಸ್ತೆ, ಸೇತುವೆ, ಆಸ್ಪತ್ರೆ, ಟೆಲಿಫೋನ್ ಎಲ್ಲ ಮಾಡಿಕೊಟ್ಟಿದ್ದೇವೆ, ದೇಶ ಒಂದು ಹದಕ್ಕೆ ಬಂದಿದೆ ಎಂದು ಹೇಳಿ ಹೋದರು. ಅದಾಗಿ 23 ವರ್ಷಕ್ಕೆ ಸರ್ವಾಧಿಕಾರಿ ಫ್ರಾಂಸ್ವಾ ದುವಾಲಿಯೇ ಬಂದು ಕೂತ. ಅಪ್ಪ ಮಗ ಸೇರಿ 29 ವರ್ಷ ಆಳಿದರು. ನಡುವೆ ಒಬ್ಬ ಅಧ್ಯಕ್ಷನೂ ನೆಟ್ಟಗೆ ಅವಧಿ ಮುಗಿಸಿ ಮನೆಗೆ ಹೋದ ಹಾಗೆ ಕಾಣುವುದಿಲ್ಲ.

ಇದು ಬಂದವರು ಅಂಟಿಸಿ ಹೋದ ರೋಗವೋ, ಮೊದಲೇ ಇದ್ದದ್ದೋ?

ಪಟಾಕಿ

ಹೈಟಿ ಅಂದರೆ ನೀಲಿ ಸಮುದ್ರ, ನೀರಿನ ಮೇಲೆ ಗುಡಿಸಲು, ಹನಿಮೂನ್‌ಗೆ ಹೋಗುವ ಜಾಗ ಅಲ್ವಾ?

ನಕಾಶೆ ಹುಚ್ಚ

ಅದು ಟಹೀಟಿ. ಪೆಸಿಫಿಕ್ ಸಾಗರದಲ್ಲಿದೆ. ಇದು ಕ್ಯೂಬಾ ಪಕ್ಕದ್ದು. ಒಂದೇ ದ್ವೀಪ, ಪಶ್ಚಿಮದ ತುಂಡು ಹೈಟಿ, ಪೂರ್ವದ ದೊಡ್ಡ ತುಂಡು ಡೊಮಿನಿಕನ್ ಗಣರಾಜ್ಯ.

ಪಟಾಕಿ

ಸರಿ, ಟಿಕೆಟ್ ಕ್ಯಾನ್ಸಲ್.

ಅಡ್ಡಮಾತು

ಎಲ್ಲದಕ್ಕೂ ಅಮೆರಿಕವನ್ನು ಬೈದರೆ ಕೆಲಸ ಸುಲಭ. ಸೈನ್ಯ ಬರುವ ಮೊದಲು ಏನಿತ್ತು ನೋಡಿ. 1911ರಿಂದ 1915ರೊಳಗೆ ಏಳು ಅಧ್ಯಕ್ಷರು ಕುರ್ಚಿಯಿಂದ ಉರುಳಿದ್ದಾರೆ. ಒಬ್ಬ ಅರಮನೆಯಲ್ಲೇ ಮದ್ದುಗುಂಡು ಸಿಡಿದು ಸತ್ತ. ಕೊನೆಯವನು ಗಿಯೋಮ್ ಸಾಮ್. ಜೈಲಿನಲ್ಲಿದ್ದ 167 ರಾಜಕೀಯ ಕೈದಿಗಳನ್ನು ಕೊಲ್ಲಿಸಿದ. ಆಮೇಲೆ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಅಡಗಿಕೊಂಡ. ಸತ್ತವರ ಕಡೆಯವರು ನುಗ್ಗಿ ಎಳೆದು ತಂದು ಬೀದಿಯಲ್ಲಿ ತುಂಡು ಮಾಡಿದರು. ಮರೀನ್‌ಗಳು ಇಳಿದದ್ದು ಅದೇ ದಿನ, 1915ರ ಜುಲೈ 28. ಹೊತ್ತಿ ಉರಿಯುವ ಮನೆಗೆ ನೀರು ಹಾಕಲು ಬಂದವರನ್ನೇ ಬೆಂಕಿ ಇಟ್ಟವರು ಅಂದರೆ ಹೇಗೆ?

ನಿವೃತ್ತ ಮೇಷ್ಟ್ರು

ಅಡ್ಡಮಾತು ಅವರೇ, ನೀವು ಹೇಳಿದ್ದು ಸುಳ್ಳಲ್ಲ. ಅರ್ಧ, ಅಷ್ಟೆ.

ನೀರು ಹಾಕಲು ಬಂದವರು ಅನ್ನುತ್ತೀರಿ. ಹಾಗಾದರೆ ಏಳು ತಿಂಗಳು ಮೊದಲೇ ತಿಜೋರಿ ಯಾಕೆ ಖಾಲಿಯಾಯಿತು? 1914ರ ಡಿಸೆಂಬರ್‌ನಲ್ಲಿ ಮರೀನ್‌ಗಳು ಹೈಟಿಯ ರಾಷ್ಟ್ರೀಯ ಬ್ಯಾಂಕಿಗೆ ಬಂದು 5 ಲಕ್ಷ ಡಾಲರ್ ಬೆಲೆಯ ಚಿನ್ನ ಎತ್ತಿಕೊಂಡು ಹಡಗಿಗೆ ಹೇರಿ ನ್ಯೂಯಾರ್ಕಿಗೆ ಸಾಗಿಸಿದರು. ಆಗ ಅರಮನೆಯೂ ಉರಿಯುತ್ತಿರಲಿಲ್ಲ, ಕೈದಿಗಳೂ ಸತ್ತಿರಲಿಲ್ಲ. ಆ ಬ್ಯಾಂಕಿನಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕಿಗೆ ಪಾಲಿತ್ತು.

ಬಂದ ಮೇಲೆ ಮಾಡಿದ್ದೇನು? ಸುಂಕದ ಕಟ್ಟೆ ಅವರ ಕೈಗೆ, ಖಜಾನೆ ಅವರ ಕೈಗೆ. ಹಳೇ ಸೈನ್ಯ ಮುಚ್ಚಿ ಹೊಸ ಪಡೆ ಕಟ್ಟಿದರು, ಅದಕ್ಕೆ ಅಧಿಕಾರಿಗಳು ಮರೀನ್‌ಗಳೇ. ಆಮೇಲೆ ಜಮೀನಿನ ವಿಷಯ. ಗುಲಾಮರೇ ದಂಗೆ ಎದ್ದು ಕಟ್ಟಿದ ದೇಶ ಅದು. ಅದಕ್ಕೇ ಮೊದಲಿನಿಂದಲೂ ಹೊರದೇಶದವರು ಅಲ್ಲಿ ನೆಲ ಕೊಳ್ಳುವ ಹಾಗಿರಲಿಲ್ಲ. ಅದನ್ನು ತೆಗೆದುಹಾಕಲು ಶಾಸನಸಭೆ ಒಪ್ಪಲಿಲ್ಲ. 1917ರಲ್ಲಿ ಸಭೆಯನ್ನೇ ಮುಚ್ಚಿಸಿದರು. ಮರುವರ್ಷ ಹೊಸ ಸಂವಿಧಾನಕ್ಕೆ ಜನಮತ. ಹೌದು ಅಂದವರು 98,225. ಬೇಡ ಅಂದವರು 768. ನಾನು ಮೂವತ್ತು ವರ್ಷ ಚುನಾವಣಾ ಡ್ಯೂಟಿ ಮಾಡಿದ್ದೇನೆ ಸ್ವಾಮಿ, ಗ್ರಾಮ ಪಂಚಾಯಿತಿಯಲ್ಲೂ ಇಂಥ ಲೆಕ್ಕ ನೋಡಿಲ್ಲ. ಆ ಸಂವಿಧಾನ ನಾನೇ ಬರೆದದ್ದು ಎಂದು 1920ರಲ್ಲಿ ಭಾಷಣದಲ್ಲಿ ಕೊಚ್ಚಿಕೊಂಡವರು ಯಾರು ಗೊತ್ತೇ? ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. 1934ರಲ್ಲಿ ಸೈನ್ಯ ವಾಪಸು ಕರೆಸಿದವರೂ ಅವರೇ.

ಕುಂದಾಪ್ರ ಮಾಣಿ

ಮೇಷ್ಟ್ರೇ, ಆ 768 ಜನರಿಗೆ ಒಂದು ಸನ್ಮಾನ ಮಾಡಬೇಕು ಮಾರ್ರೆ. ಎದುರಿಗೆ ಬಂದೂಕು ಇದ್ದಾಗ ಬೇಡ ಅನ್ನುವುದು ಅಂದರೆ ಎಂತ ಧೈರ್ಯ!

ಪದಗಳ ಅಂಗಡಿ

ರಸ್ತೆ ಮಾಡಿಕೊಟ್ಟರು ಎಂದು ಮೊದಲ ಪೋಸ್ಟಿನಲ್ಲಿದೆ. ಆ ರಸ್ತೆ ಹೇಗೆ ಆಯಿತು ಅಂತಲೂ ಸೇರಿಸಿ. 1864ರ ಹಳೇ ಕಾನೂನೊಂದನ್ನು ಹುಡುಕಿ ತೆಗೆದರು. ರೈತರು ತಮ್ಮೂರ ರಸ್ತೆ ಕೆಲಸಕ್ಕೆ ಬರಬೇಕು, ಇಲ್ಲ ತೆರಿಗೆ ಕಟ್ಟಬೇಕು ಎಂಬ ಕಾನೂನು. ಅದನ್ನು ಹಿಡಿದು ಜನರನ್ನು ಹಗ್ಗ ಕಟ್ಟಿ ದೂರದ ಊರಿಗೆ ಎಳೆದುಕೊಂಡು ಹೋಗಿ ದುಡಿಸಿದರು. ಫ್ರೆಂಚ್‌ನಲ್ಲಿ ಅದಕ್ಕೆ ಕೊರ್ವೆ ಅನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಹೊಸ ಪದ ಹುಡುಕಬೇಕಿಲ್ಲ, ಬಿಟ್ಟಿ. ಈಗ ಬಿಟ್ಟಿ ಅಂದರೆ ಪುಕ್ಕಟೆ, ಕೇಳಿದರೆ ಖುಷಿಯಾಗುತ್ತದೆ. ನಮ್ಮ ಹಳೇ ಶಾಸನಗಳಲ್ಲಿ ಅದು ಕೂಲಿ ಇಲ್ಲದೆ ಮಾಡಲೇಬೇಕಾದ ಕೆಲಸ. ಗುಲಾಮಗಿರಿ ಮುರಿದು ನೂರು ವರ್ಷ ದಾಟಿದವರಿಗೆ ಮತ್ತೆ ಬಿಳಿಯನೊಬ್ಬ ಹಗ್ಗ ಹಿಡಿದು ಬಂದರೆ ಹೇಗಿರಬೇಡ?

ಅಲ್ಲಿಂದಲೇ ಶಾರ್ಲೆಮೇನ್ ಪೆರಾಲ್ಟ್ ದಂಗೆ ಹೊತ್ತಿದ್ದು. 1919ರಲ್ಲಿ ಅವನನ್ನು ಹೊಡೆದುಹಾಕಿದರು. ಹೆಣವನ್ನು ಬಾಗಿಲ ಹಲಗೆಗೆ ಕಟ್ಟಿ ನಿಲ್ಲಿಸಿ ಫೋಟೋ ತೆಗೆದು ಊರೂರಿಗೆ ಹಂಚಿದರು. ಜನ ಹೆದರಲಿ ಅಂತ. ಆದದ್ದೇ ಬೇರೆ. ತಲೆ ವಾಲಿಸಿ, ಕೈ ಇಳಿಬಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿದ ಆ ಚಿತ್ರ ಜನರಿಗೆ ಶಿಲುಬೆಯ ಮೇಲಿನ ಯೇಸುವಿನ ಹಾಗೆ ಕಂಡಿತು. ಸೈನ್ಯ ಹೋದ ಮೇಲೆ ಅವನ ಅಸ್ಥಿ ತೆಗೆದು ಸರ್ಕಾರಿ ಗೌರವದಿಂದ ಮಣ್ಣು ಮಾಡಿದರು.

ಅಡ್ಡಮಾತು

ಎಲ್ಲ ಸರಿ. ಆದರೆ ಪ್ರಶ್ನೆ 1934ರ ಆಚೆಗಿನದು. ಬ್ರಿಟಿಷರು ನಮ್ಮಲ್ಲಿ 1947ರಲ್ಲಿ ಹೊರಟರು. ನಮ್ಮಲ್ಲಿ ದುವಾಲಿಯೇ ಬರಲಿಲ್ಲವಲ್ಲ?

ಕಾಫಿ ತೋಟ

ನಮ್ಮಷ್ಟು ದೊಡ್ಡ ದೇಶವನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸರ್. ಅದು ಕರ್ನಾಟಕದ ಸುಮಾರು ಏಳನೇ ಒಂದು ಪಾಲು, ಅಷ್ಟೆ.

ನನಗೆ ಅಲ್ಲಿನ ಕಾಫಿ ಕಥೆ ಗೊತ್ತು. ಫ್ರೆಂಚರ ಕಾಲದಲ್ಲಿ ಯುರೋಪಿಗೆ ಹೋಗುತ್ತಿದ್ದ ಕಾಫಿಯಲ್ಲಿ ಅರ್ಧದಷ್ಟು ಅಲ್ಲಿಯದೇ. ಆಮೇಲೆ ದೊಡ್ಡ ತೋಟಗಳು ಹೋಗಿ, ಗುಡ್ಡದ ಮೇಲಿನ ಸಣ್ಣ ರೈತರು ಹಿತ್ತಲಲ್ಲಿ ಬೆಳೆಯುವ ಹಾಗಾಯಿತು. ಸರ್ಕಾರ ನಡೆಯುತ್ತಿದ್ದದ್ದೇ ಅವರ ಕಾಫಿ ಮೇಲಿನ ರಫ್ತು ಸುಂಕದಿಂದ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ನಮ್ಮ ತೋಟ, ನಮ್ಮ ಗುಲಾಮರು ಹೋದದ್ದಕ್ಕೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಅಂತು. ಆಮೇಲೆ 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲು ಸಾಲ, ಆ ಸಾಲಕ್ಕೆ ಸಾಲ. ಯಾರು ತೀರಿಸಿದ್ದು? ಗುಡ್ಡದ ಮೇಲೆ ಕಾಫಿ ಒಣಹಾಕುತ್ತಿದ್ದ ಆ ಹೆಂಗಸು. ಅವಳಿಗೆ ಶಾಲೆಯೂ ಬರಲಿಲ್ಲ, ಡಾಕ್ಟರೂ ಬರಲಿಲ್ಲ. ಕಣದಲ್ಲಿ ಕಾಫಿ ಹರಡಿ ಮೋಡ ನೋಡುತ್ತಾ ಕೂತವರಿಗೆ ಈ ಹೊಟ್ಟೆಯುರಿ ಅರ್ಥವಾಗುತ್ತದೆ.

ಪಟಾಕಿ

ತೋಟದವರೇ, ಈ ವರ್ಷ ರೇಟು ಎಷ್ಟು ಬಂತು?

ಕಾಫಿ ತೋಟ

ಇನ್ಕಮ್ ಟ್ಯಾಕ್ಸ್‌ನವರು ಯಾರಾದರೂ ಇಲ್ಲಿ ಇದ್ದಾರಾ ಮೊದಲು ಹೇಳಿ.

ನಿವೃತ್ತ ಮೇಷ್ಟ್ರು

ರೇಟು ಆಮೇಲೆ ಮಾತಾಡೋಣ. ಅಡ್ಡಮಾತು ಅವರ ಪ್ರಶ್ನೆ ಒಳ್ಳೆಯದು, ಅದಕ್ಕೆ ಬರುತ್ತೇನೆ.

ಮೊದಲು ಹೈಟಿಯಲ್ಲಿ ಅಧ್ಯಕ್ಷನನ್ನು ಇಳಿಸಬೇಕಾದರೆ ಉತ್ತರದ ಗುಡ್ಡಗಳಿಂದ ಕಾಕೋ ಎಂಬ ರೈತ ಪಡೆ ಕಟ್ಟಿಕೊಂಡು, ಊರಿಂದೂರಿಗೆ ನಡೆದು ರಾಜಧಾನಿಗೆ ಬರಬೇಕಿತ್ತು. ಕೆಟ್ಟ ಪದ್ಧತಿಯೇ, ಒಪ್ಪುತ್ತೇನೆ. ಆದರೆ ಊರಿನವರ ಕೈಯಲ್ಲೂ ಒಂದು ತೂಕ ಇತ್ತು. ಮರೀನ್‌ಗಳು ಹಳ್ಳಿಗಳ ಬಂದೂಕು ಕಿತ್ತುಕೊಂಡರು. ಬಂದರು, ಹಣ, ಕಚೇರಿ, ಪಡೆ ಎಲ್ಲವನ್ನೂ ಪೋರ್ಟ್-ಓ-ಪ್ರಿನ್ಸ್‌ಗೆ ತಂದು ಸುರಿದರು. ಹೋಗುವಾಗ ಆ ಪಡೆಯನ್ನು ಹಾಗೇ ಬಿಟ್ಟು ಹೋದರು. ಹೊರಗಿನ ಶತ್ರುವಿನ ಜೊತೆ ಒಂದು ಯುದ್ಧವನ್ನೂ ಮಾಡದ ಪಡೆ ಅದು. ಅದರ ದೆಸಲಿನ್ ಬ್ಯಾರಕ್ ಇದ್ದದ್ದು ಅರಮನೆಯ ಬೆನ್ನಿಗೆ. ಆಮೇಲೆ ಅಧ್ಯಕ್ಷನನ್ನು ಬದಲಿಸಲು ಗುಡ್ಡ ಇಳಿದು ಬರಬೇಕಿರಲಿಲ್ಲ, ಹಿತ್ತಲ ಬಾಗಿಲು ದಾಟಿದರೆ ಸಾಕು.

ನೀವು ಕೇಳಿದ ಭಾರತದ ಹೋಲಿಕೆಗೂ ಇಲ್ಲೇ ಉತ್ತರ ಇದೆ. ನಮ್ಮಲ್ಲಿ ಸೈನ್ಯವೂ ಉಳಿಯಿತು, ಜೊತೆಗೆ ಹಳ್ಳಿವರೆಗೆ ಬೇರು ಬಿಟ್ಟ ಪಕ್ಷ, ಕೋರ್ಟು, ಶಾಸನಸಭೆಗಳೂ ಇದ್ದವು. ಅಲ್ಲಿ ಗಟ್ಟಿಯಾಗಿ ಉಳಿದದ್ದು ಆ ಪಡೆ ಒಂದೇ.

ಸಂಜೆ ಓದುಗ

ಮೇಷ್ಟ್ರೇ, ಹಿತ್ತಲ ಬಾಗಿಲಿನ ಮಾತು ಮನಸ್ಸಿಗೆ ಇಳಿಯಿತು. ಹಾಗಾದರೆ 1934ರಿಂದ ಯಾರು ಯಾರು ಬಂದರು, ಸ್ವಲ್ಪ ಸಾಲಾಗಿ ಹೇಳಿ.

ಗೂಡಂಗಡಿ ಪಂಡಿತ

ನಾನು ಹೇಳುತ್ತೇನೆ. ಮೊದಲು ಸ್ತೆನಿಯೋ ವಿನ್ಸೆಂಟ್. ನೀವು ಒಬ್ಬನೂ ಮನೆಗೆ ಹೋಗಲಿಲ್ಲ ಅಂದಿರಿ, ಈ ಮನುಷ್ಯ ಹೋದ. ಆದರೆ 1935ರಲ್ಲಿ ಇನ್ನೊಂದು ಜನಮತ ಮಾಡಿಸಿಕೊಂಡು ಐದು ವರ್ಷ ಜಾಸ್ತಿ ಕೂತು, 1941ರಲ್ಲಿ ಹೋದ. ಆಮೇಲೆ ಎಲಿ ಲೆಸ್ಕೋ. ಮಗನನ್ನೇ ವಿದೇಶಾಂಗ ಮಂತ್ರಿ ಮಾಡಿದ. ಯುದ್ಧಕ್ಕೆ ರಬ್ಬರ್ ಬೇಕು ಎಂದು ಅಮೆರಿಕದ ದುಡ್ಡಿನ ಕಂಪನಿಯೊಂದು ಬಂತು. ರೈತರ ಗುಡಿಸಲು ಕೆಡವಿ, ಹಣ್ಣಿನ ಮರ ಕಡಿದು ರಬ್ಬರ್ ಬಳ್ಳಿ ನೆಟ್ಟರು. 1944ಕ್ಕೆ ಯೋಜನೆ ಬರಖಾಸ್ತು. ರಬ್ಬರ್ ಸಿಕ್ಕಿದ್ದು ಅಷ್ಟಕ್ಕಷ್ಟೆ, ಮರ ಮಾತ್ರ ವಾಪಸು ಬರಲಿಲ್ಲ. 1947ರ ಜನವರಿಯಲ್ಲಿ ಲೆಸ್ಕೋ ಬಿದ್ದ.

ಪದಗಳ ಅಂಗಡಿ

1946ರ ಜನವರಿ. 11ನೇ ತಾರೀಕು.

ಗೂಡಂಗಡಿ ಪಂಡಿತ

ಹೌದು, 1946. ಬೆರಳು ತಪ್ಪಿತು.

ಪದಗಳ ಅಂಗಡಿ

ಅದು ಬಿದ್ದ ಬಗೆ ಕೇಳಿ, ಸೊಗಸಾಗಿದೆ. ಕೆಲವು ಹುಡುಗರು ಜೇನುಗೂಡು ಎಂಬ ಅರ್ಥದ ಹೆಸರಿಟ್ಟು ಒಂದು ಪತ್ರಿಕೆ ನಡೆಸುತ್ತಿದ್ದರು, ಲಾ ರೂಶ್. ಅದರಲ್ಲಿದ್ದ ಕವಿ ರೆನೆ ದೆಪೆಸ್ಟ್ರ್‌ಗೆ ಆಗ ಬರೀ 19 ವರ್ಷ. ಜೊತೆಗಾರ ಜಾಕ್ ಸ್ಟೀಫನ್ ಅಲೆಕ್ಸಿಸ್ ಮೆಡಿಕಲ್ ಓದುತ್ತಿದ್ದ. ಸರ್ಕಾರ ಪತ್ರಿಕೆ ಮುಚ್ಚಿಸಿತು. 7ನೇ ತಾರೀಕು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದರು. ಅಂಗಡಿ ಮುಚ್ಚಿದವು, ಗುಮಾಸ್ತರು ಕೆಲಸ ಬಿಟ್ಟರು. ಐದನೇ ದಿನ ಅಧ್ಯಕ್ಷ ಇಲ್ಲ. ಜೇನುಗೂಡಿಗೆ ಕಲ್ಲು ಹೊಡೆದರೆ ಆಗುವುದೇ ಅದು.

ಅಡ್ಡಮಾತು

ಆಮೇಲೆ ಆ ಹುಡುಗರು ಅಧಿಕಾರ ಹಿಡಿದರಾ?

ಪದಗಳ ಅಂಗಡಿ

ಇಲ್ಲ. ಹಿಡಿದದ್ದು ಆ ಪಡೆಯ ಮೂವರು ಅಧಿಕಾರಿಗಳು. ಮೇಷ್ಟ್ರ ಹಿತ್ತಲ ಬಾಗಿಲೇ.

ಅಡ್ಡಮಾತು

ಈ ಒಂದು ವಿಷಯದಲ್ಲಿ ಮೇಷ್ಟ್ರಿಗೆ ನಂಬರ್ ಕೊಟ್ಟೆ. ಆದರೂ ಒಳಗಿನ ಬಣ್ಣದ ಜಗಳವನ್ನು ಯಾಕೆ ಯಾರೂ ಎತ್ತುತ್ತಿಲ್ಲ? ಸೈನ್ಯ ಇದ್ದಾಗಲೂ, ಹೋದ ಮೇಲೂ ಅಧ್ಯಕ್ಷರೆಲ್ಲ ತಿಳಿಬಣ್ಣದ ಶ್ರೀಮಂತ ಮನೆತನದವರು. ಫ್ರೆಂಚ್ ಮಾತಾಡುವವರು. ಕ್ರಿಯೋಲ್ ಮಾತಾಡುವ ಕಪ್ಪು ಜನ ಎಂದರೆ ಅವರಿಗೆ ತಾತ್ಸಾರ. ಅದನ್ನು ಅಮೆರಿಕದವರು ಹುಟ್ಟಿಸಲಿಲ್ಲ.

ನಿವೃತ್ತ ಮೇಷ್ಟ್ರು

ಹುಟ್ಟಿಸಲಿಲ್ಲ, ನೀರು ಗೊಬ್ಬರ ಹಾಕಿದರು. ಅವರಿಗೂ ತಿಳಿಬಣ್ಣದವರೇ ಅಧ್ಯಕ್ಷರಾಗಿ ಬೇಕಿತ್ತು. ತಮಾಷೆ ಅಂದರೆ ಅದೇ ಶ್ರೀಮಂತರನ್ನೂ ತಮ್ಮ ಕ್ಲಬ್ಬಿನ ಒಳಗೆ ಸೇರಿಸುತ್ತಿರಲಿಲ್ಲ. ಫ್ರೆಂಚ್ ಕಲಿತರೆ ಫ್ರೆಂಚರಾಗುವುದಿಲ್ಲ ಎಂದು ಅವರಿಗೂ ತಟ್ಟಿತು. ನಮ್ಮ ಹಳ್ಳಿಯ ಹಾಡು, ಕಥೆ, ವೋಡೂ ಧರ್ಮ, ಕ್ರಿಯೋಲ್ ಭಾಷೆ ಇವೇ ನಮ್ಮವು ಎಂದು ಹೈಟಿಯ ಲೇಖಕ ಜ್ಯಾಂ ಪ್ರೈಸ್-ಮಾರ್ಸ್ 1928ರಲ್ಲಿ ಬರೆದಾಗ ಓದುಗರು ಮೈಕೊಡವಿ ಎದ್ದರು. 1946ರಲ್ಲಿ ಕಪ್ಪು ಅಧ್ಯಕ್ಷ ದ್ಯುಮಾರ್ಸೆ ಎಸ್ಟಿಮೆ ಬಂದದ್ದು ಆ ಅಲೆಯ ಮೇಲೆ. ಹಳ್ಳಿಯ ಡಾಕ್ಟರು ದುವಾಲಿಯೇ ಕೂಡ ಅದೇ ಅಲೆಯಲ್ಲಿ ತೇಲಿಕೊಂಡು ಬಂದದ್ದು.

ನಕಾಶೆ ಹುಚ್ಚ

ಗಡಿಯಾಚೆ ಆದದ್ದನ್ನೂ ಸೇರಿಸಿ. ಅಮೆರಿಕ ಪಕ್ಕದ ಡೊಮಿನಿಕನ್ ದೇಶವನ್ನೂ 1916ರಿಂದ 1924ರವರೆಗೆ ಹಿಡಿದಿತ್ತು. ಅಲ್ಲೂ ಒಂದು ಪಡೆ ಕಟ್ಟಿತು. ಅದರಲ್ಲಿ ತರಬೇತಿ ಪಡೆದ ತ್ರುಹಿಯೋ 1930ರಲ್ಲಿ ಸರ್ವಾಧಿಕಾರಿಯಾದ. 1937ರ ಅಕ್ಟೋಬರ್‌ನಲ್ಲಿ ಗಡಿ ಪ್ರದೇಶದ ಹೈಟಿಯನ್ನರನ್ನು ಮಚ್ಚಿನಿಂದ ಕೊಚ್ಚಿಸಿದ. ಸತ್ತವರು ಸಾವಿರಾರು. ಸೊಪ್ಪಿನ ಒಂದು ಕಂತೆ ಹಿಡಿದು ಇದೇನು ಅಂತ ಕೇಳುತ್ತಿದ್ದರಂತೆ. ಸ್ಪ್ಯಾನಿಷ್‌ನಲ್ಲಿ ಅದು ಪೆರೆಹಿಲ್. ಕ್ರಿಯೋಲ್ ನಾಲಿಗೆಗೆ ಅದರ 'ರ' ಸರಿಯಾಗಿ ಹೊರಳುವುದಿಲ್ಲ. ಹೊರಳದಿದ್ದರೆ ಕತ್ತು ಹೋಯಿತು.

ವಿನ್ಸೆಂಟ್ ಇದಕ್ಕೆ ಏನು ಮಾಡಿದ? ಮೊದಲು ಸುಮ್ನೆ ಇದ್ದ. ಆಮೇಲೆ ಏಳೂವರೆ ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿ, ಅದನ್ನೂ 5,25,000ಕ್ಕೆ ಇಳಿಸಿಕೊಂಡ.

ಕುಂದಾಪ್ರ ಮಾಣಿ

ಒಂದು ಅಕ್ಷರಕ್ಕೆ ಜೀವ. ಓದಿ ಊಟ ಸೇರಲಿಲ್ಲ.

ಗೋಲ್ ಕೀಪರ್

ಸ್ವಲ್ಪ ಹಗುರ ಮಾಡೋಣ. ಹೈಟಿಯವರು ವೆಸ್ಟ್ ಇಂಡೀಸ್ ಕ್ರಿಕೆಟ್ ಟೀಮಿನಲ್ಲಿ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲವಲ್ಲ? ಬ್ರಿಟಿಷರು ಆಳಿದ ಕಡೆ ಮಾತ್ರ ಕ್ರಿಕೆಟ್. ಇವರದ್ದು ಫುಟ್‌ಬಾಲ್. 1974ರ ವಿಶ್ವಕಪ್‌ನಲ್ಲಿ ಇಟಲಿಯ ಗೋಲಿ ದಿನೋ ಝೋಫ್ 1142 ನಿಮಿಷ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಗೋಲು ಬಿಟ್ಟಿರಲಿಲ್ಲ. ಆ ಗೋಡೆ ಒಡೆದವನು ಹೈಟಿಯ ಇಮ್ಯಾನುಯೆಲ್ ಸನೋನ್. ಪಂದ್ಯ 3-1ರಲ್ಲಿ ಸೋತರು, ಆದರೆ ಆ ಗೋಲು ಯಾರೂ ಮರೆತಿಲ್ಲ.

ಅಡ್ಡಮಾತು

ವಿಷಯಕ್ಕೆ ಬನ್ನಿ. ದುವಾಲಿಯೇ ದಂಗೆ ಮಾಡಿ ಬಂದನಲ್ಲವೇ?

ಗೂಡಂಗಡಿ ಪಂಡಿತ

ಇಲ್ಲ ಸರ್, ಚುನಾವಣೆಯಲ್ಲೇ ಬಂದ. ಅದೇ ವಿಚಿತ್ರ. ಎಸ್ಟಿಮೆ ಇನ್ನೊಂದು ಅವಧಿಗೆ ಆಸೆಪಟ್ಟ, 1950ರಲ್ಲಿ ಪಡೆ ಅವನನ್ನು ಇಳಿಸಿತು. ಅದೇ ಪಡೆಯ ಪಾಲ್ ಮಾಗ್ಲುವಾರ್ ಬಂದ. ಸಮವಸ್ತ್ರ, ಪಾರ್ಟಿ, ಮೆರವಣಿಗೆ ಎಂದು ಮೆರೆದ. 1954ರಲ್ಲಿ ಹೇಜಲ್ ಚಂಡಮಾರುತ ಹೊಡೆಯಿತು, ಪರಿಹಾರದ ದುಡ್ಡು ನುಂಗಿದರು ಎಂದು ಜನ ರೇಗಿದರು. 1956ರ ಡಿಸೆಂಬರ್‌ನಲ್ಲಿ ಅವನೂ ಹೊರಟ.

ಮುಂದಿನ ಒಂಬತ್ತು ತಿಂಗಳು ಕುರ್ಚಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಯಿತು. ನನಗೆ ಅದರಲ್ಲಿ ಇಷ್ಟವಾದವನು ದಾನಿಯಲ್ ಫಿನ್ಯೋಲೆ. ಗಣಿತದ ಮೇಷ್ಟ್ರು. ಕೊಳೆಗೇರಿಯ ಜನರ ಮುಂದೆ ಕ್ರಿಯೋಲ್‌ನಲ್ಲಿ ಮಾತಾಡಲು ನಿಂತರೆ ಇಡೀ ಬೀದಿ ಅವನ ಹಿಂದೆ. ಆ ಜನಜಂಗುಳಿಗೆ ಇದ್ದ ಅಡ್ಡಹೆಸರು ರೋಡ್ ರೋಲರ್. 1957ರ ಮೇ 25ಕ್ಕೆ ಅಧ್ಯಕ್ಷನಾದ. 19 ದಿನ. ಜೂನ್ 14ಕ್ಕೆ ಪಡೆಯವರು ಎತ್ತಿಕೊಂಡು ಹೋಗಿ ದೇಶದಿಂದ ಆಚೆ ಹಾಕಿದರು. ಸಿಟ್ಟೆದ್ದು ಬೀದಿಗೆ ಬಂದ ಬಡವರ ಮೇಲೆ ಗುಂಡು ಹಾರಿಸಿದರು. ಸೆಪ್ಟೆಂಬರ್ 22ಕ್ಕೆ ಚುನಾವಣೆ, ಉಸ್ತುವಾರಿ ಅದೇ ಪಡೆಯದು. ಗೆದ್ದವನು ಮೆತ್ತಗೆ ಮಾತಾಡುವ, ದಪ್ಪ ಕನ್ನಡಕದ ಡಾಕ್ಟರ್. ಹೇಳಿದ ಹಾಗೆ ಕೇಳಿಕೊಂಡಿರುತ್ತಾನೆ ಎಂದು ಪಡೆಯವರು ಅಂದುಕೊಂಡಿದ್ದರು.

ಕುಂದಾಪ್ರ ಮಾಣಿ

ಮೆತ್ತಗಿನವರನ್ನು ನಂಬಬಾರದು ಎಂದು ನಮ್ಮ ಅಜ್ಜಿ ಹೇಳುವುದು ಸುಮ್ನೆ ಅಲ್ಲ.

ನಿವೃತ್ತ ಮೇಷ್ಟ್ರು

ದುವಾಲಿಯೇ ಹಿತ್ತಲ ಬಾಗಿಲನ್ನು ಚೆನ್ನಾಗಿ ನೋಡಿದ್ದವನು. 1958ರ ಜುಲೈನಲ್ಲಿ ಎಂಟೇ ಜನ ದೋಣಿಯಲ್ಲಿ ಬಂದು ದೆಸಲಿನ್ ಬ್ಯಾರಕ್ ಹಿಡಿದುಬಿಟ್ಟರು. ಮೂವರು ಹೈಟಿಯ ಮಾಜಿ ಅಧಿಕಾರಿಗಳು, ಐವರು ಅಮೆರಿಕದ ಬಾಡಿಗೆ ಬಂಟರು. ಒಳಗೆ ನೂರಾರು ಜನ ಇರಬೇಕು ಎಂದು ಅರಮನೆ ನಡುಗಿತು. ಅವರಲ್ಲೊಬ್ಬನಿಗೆ ಸಿಗರೇಟು ಬೇಕಾಯಿತಂತೆ. ತರಲು ಸೆರೆಯಾಳನ್ನೇ ಹೊರಗೆ ಕಳಿಸಿದ. ಆ ಪುಣ್ಯಾತ್ಮ ಹೊರಗೆ ಬಂದು, ಒಳಗಿರುವುದು ಎಂಟೇ ಜನ ಎಂದು ಹೇಳಿಬಿಟ್ಟ ಎಂಬ ಕಥೆ ಇದೆ. ಎಂಟೂ ಜನ ಸತ್ತರು. ಆಮೇಲೆ ದುವಾಲಿಯೇ ಸೈನ್ಯವನ್ನು ನಂಬಲಿಲ್ಲ. ಅದರ ಎದುರಿಗೆ ತನ್ನದೇ ಗುಂಪು ಬೆಳೆಸಿದ, ತೋಂತೋಂ ಮಕೂತ್.

ಬ್ರೂಕ್ಲಿನ್ ಅಮ್ಮಣ್ಣಿ

ತಡವಾಗಿ ಬಂದೆ, ಕ್ಷಮಿಸಿ. ಇಲ್ಲಿ ನಮ್ಮ ಕೆಳಮನೆಯ ಅಜ್ಜಿ ಹೈಟಿಯವರು. 60ರ ದಶಕದಲ್ಲಿ ಬಂದವರು. ಅವರಿಂದ ಕೇಳಿದ್ದು ಹೇಳುತ್ತೇನೆ. ತೋಂತೋಂ ಅಂದರೆ ಮಾವ, ಚಿಕ್ಕಪ್ಪ ಇದ್ದ ಹಾಗೆ. ಮಕೂತ್ ಅಂದರೆ ಹೆಗಲಿಗೆ ಹಾಕುವ ಹುಲ್ಲಿನ ಚೀಲ. ಹಟ ಮಾಡುವ ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋಗುವವನು. ನಮ್ಮ ಗೋಣಿಚೀಲದ ಗುಮ್ಮ! ನಾವು ಊಟ ಮಾಡಿಸಲು ಗುಮ್ಮನ ಹೆಸರು ಹೇಳಿದರೆ, ಅವರ ಊರಿನಲ್ಲಿ ಗುಮ್ಮ ನಿಜವಾಗಿಯೂ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಬಾಗಿಲು ತಟ್ಟುತ್ತಿದ್ದ. ಅಜ್ಜಿಯ ಅಣ್ಣ ಒಂದು ರಾತ್ರಿ ಹೋದವರು ಬರಲಿಲ್ಲ. ಇವತ್ತಿಗೂ ರಾತ್ರಿ ಬೆಲ್ ಆದರೆ ಅಜ್ಜಿ ಬಾಗಿಲು ತೆಗೆಯುವುದಿಲ್ಲ. ನಾನು ಮೊದಲು ಫೋನ್ ಮಾಡಿ, ಆಮೇಲೆ ಕೆಳಗಿಳಿಯುತ್ತೇನೆ.

ಇನ್ನೊಂದು. ಪ್ರತಿ ಜನವರಿ 1ಕ್ಕೆ ನಮಗೆ ಒಂದು ಪಾತ್ರೆ ಕುಂಬಳಕಾಯಿ ಸೂಪ್ ಕೊಡುತ್ತಾರೆ. 1804ರ ಜನವರಿ 1 ಅವರ ಸ್ವಾತಂತ್ರ್ಯದ ದಿನ. ಗುಲಾಮರು ಅದನ್ನು ಬೇಯಿಸಿ ಬಡಿಸಬೇಕಿತ್ತಂತೆ, ತಾವು ತಿನ್ನುವ ಹಾಗಿರಲಿಲ್ಲವಂತೆ. ನಾವು ಮಾಂಸ ತಿನ್ನುವುದಿಲ್ಲ ಎಂದು ನಮಗೆ ಬೇರೆಯೇ ಮಾಡುತ್ತಾರೆ. ಹಾಗೆ ಮಾಡಿದರೆ ಅದು ಸೂಪೇ ಅಲ್ಲ ಎಂದು ಗೊಣಗುತ್ತಲೇ ಕೊಡುತ್ತಾರೆ.

ಅಡ್ಡಮಾತು

ಅಮ್ಮಣ್ಣಿ ಅಕ್ಕ, ಇದನ್ನು ಓದಿದ ಮೇಲೆ ವಾದ ಮಾಡಲು ಮನಸ್ಸಾಗುತ್ತಿಲ್ಲ. ನಾಳೆ ಮಾಡುತ್ತೇನೆ.

ಬೆಳಗಾವಿ ಪಾವ್ಣ್ಯಾ

ನಮ್ಮ ಕಾಕಾ ಅರೆಸೇನಾ ಪಡೆಯಲ್ಲಿದ್ದರು. ವಿಶ್ವಸಂಸ್ಥೆಯ ಶಾಂತಿಪಡೆಗೆ ಭಾರತದಿಂದ ಹೋದ ಪೊಲೀಸ್ ತುಕಡಿಯಲ್ಲಿ ಪೋರ್ಟ್-ಓ-ಪ್ರಿನ್ಸ್‌ಗೆ ಹೋಗಿ ಬಂದರು. ಆ ಶಾಂತಿಪಡೆ 2004ರಿಂದ 2017ರವರೆಗೆ ಇತ್ತು. 2010ರ ಜನವರಿಯ ಭೂಕಂಪದಲ್ಲಿ ಆ ಅರಮನೆಯೇ ಕುಸಿದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಲರಾ ಬಂತು. ಬೇರೆ ದೇಶದ ತುಕಡಿಯ ಶಿಬಿರದಿಂದ ಹೊಲಸು ಹೊಳೆ ಸೇರಿ ಹಬ್ಬಿದ್ದು. ಸುಮಾರು 10 ಸಾವಿರ ಜನ ಸತ್ತರು. ಕಾಕಾ ಹೇಳುತ್ತಿದ್ದರು, ಮೊದಲು ಕೈ ಬೀಸುತ್ತಿದ್ದ ಮಕ್ಕಳು ಆಮೇಲೆ ಎಲ್ಲ ದೇಶದ ನೀಲಿ ಟೊಪ್ಪಿಗೆಯವರಿಗೂ ಕಲ್ಲು ತೂರುತ್ತಿದ್ದರು ಅಂತ. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. ಶಾಂತಿಪಡೆ ಹೋಗಿ ನಾಲ್ಕು ವರ್ಷಕ್ಕೆ, 2021ರ ಜುಲೈನಲ್ಲಿ, ಅಧ್ಯಕ್ಷ ಮೊಯೀಸ್ ಅವರನ್ನು ಮನೆಗೆ ನುಗ್ಗಿ ಕೊಂದರು. 2024ರಲ್ಲಿ ಮತ್ತೆ ಹೊರಗಿನ ಪೊಲೀಸ್, ಈ ಸಲ ಕೀನ್ಯಾದವರು.

ನಕಾಶೆ ಹುಚ್ಚ

ನಡುವೆ 1994ರಲ್ಲೂ ಅಮೆರಿಕದ ಸೈನ್ಯ ಇಳಿದಿತ್ತು, ಪಡೆ ಓಡಿಸಿದ್ದ ಅಧ್ಯಕ್ಷ ಆರಿಸ್ಟೀಡ್ ಅವರನ್ನು ಮತ್ತೆ ಕೂರಿಸಲು. ಮರುವರ್ಷ ಆರಿಸ್ಟೀಡ್ ಆ ಪಡೆಯನ್ನೇ ವಿಸರ್ಜಿಸಿದರು. ಮೇಷ್ಟ್ರ ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿದ ಹಾಗೆ.

ನಿವೃತ್ತ ಮೇಷ್ಟ್ರು

ಕಟ್ಟಿದರು. ಕೆಲಸ ಹೋದ ಸಿಪಾಯಿಗಳಲ್ಲಿ ಕೆಲವರು 2004ರಲ್ಲಿ ಆರಿಸ್ಟೀಡ್ ವಿರುದ್ಧ ದಂಗೆ ಎದ್ದು ಮುಂಬಾಗಿಲಿನಿಂದಲೇ ಬಂದರು.

ಸಂಜೆ ಓದುಗ

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಮಗಳಿಗೆ ಓದಿ ಹೇಳಿದೆ. ಸುತ್ತಿಟ್ಟ ಚಾರ್ಟ್ ಮತ್ತೆ ಬಿಚ್ಚಿದ್ದಾಳೆ. ಗುಮ್ಮನ ಚಿತ್ರ ಬರೆಯಬೇಕಂತೆ, ಟೀಚರ್ ಬೈಯುತ್ತಾರೇನೋ ಎಂದು ಅವಳಮ್ಮನ ಚಿಂತೆ. ಪಕ್ಕದಲ್ಲಿ ಕುಂಬಳಕಾಯಿ ಅಂಟಿಸುತ್ತಾಳಂತೆ. ಅಮ್ಮಣ್ಣಿ ಅವರೇ, ಯಾವ ಕುಂಬಳ? ಬೂದುಗುಂಬಳವೋ ಸಿಹಿಗುಂಬಳವೋ?

ಬ್ರೂಕ್ಲಿನ್ ಅಮ್ಮಣ್ಣಿ

ಸಿಹಿಗುಂಬಳ. ಒಳಗೆ ಕಿತ್ತಳೆ ಬಣ್ಣ ಹಚ್ಚಲು ಹೇಳಿ.

ಪಟಾಕಿ

ಬೂದುಗುಂಬಳ ಅಂಟಿಸಿದರೆ ದೃಷ್ಟಿಯಾದರೂ ತೆಗೆಯಬಹುದಿತ್ತು.